ಆವತ್ತಿನ ಉಸ್ತಾದ್

ಆ ಊರಿನ ಹೊಳೆಗೆ ಎರಡು ಸೇತುವೆ. ಹೊಸದರ ಮೇಲೆ ಲೋಕವೆಲ್ಲ ಓಡಾಡುತ್ತದೆ. ಹಳೆಯದರ ಮೇಲೆ ಎಮ್ಮೆಗಳು, ಸೈಕಲ್ಲುಗಳು, ಮತ್ತೆ ದಾರಿ ತಪ್ಪಿದವರು.

ಹಳೇ ಸೇತುವೆ ಮುಗಿಯುವಲ್ಲಿ, ಹೊಂಗೆ ಮರದ ಪಕ್ಕಕ್ಕೆ, ಒಂದು ತಗಡಿನ ಶೆಡ್ಡು. ಕಾರುಗಳ ಏಸಿ ರಿಪೇರಿ ಮಾಡುವ ಶೆಡ್ಡು. ಹಿಂದಿನವರು ಹೊಳೆದಂಡೆಯಲ್ಲಿ ಮಠ ಕಟ್ಟುತ್ತಿದ್ದರು, ಹಯಾತ್ ಉಸ್ತಾದರು ಶೆಡ್ಡು ಕಟ್ಟಿದರು. ನೋಡಿದರೆ ಎರಡಕ್ಕೂ ಬೇಕಾದದ್ದು ಒಂದೇ. ಸುತ್ತ ಸದ್ದಿರಬಾರದು. ಪೈಪಿನಲ್ಲಿ ಗ್ಯಾಸು ಸೋರುವ ಸದ್ದು ಇರುವೆ ನಡೆದಷ್ಟೇ ಇರುತ್ತದೆ, ಅದು ಕಿವಿಗೆ ಬೀಳಬೇಕಲ್ಲ.

ಶಿಷ್ಯ ಒಬ್ಬನೇ, ತಿಪ್ಪೇಶಿ. ಮೂವತ್ತು ದಾಟಿದವನು. ತನ್ನೂರಲ್ಲಿ ಫ್ರಿಜ್ಜು ರಿಪೇರಿ ಮಾಡಿಕೊಂಡಿದ್ದ. ಅವ್ವ ತೀರಿಕೊಂಡ ಮೇಲೆ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದ. ಮಲಗುವುದೂ ಶೆಡ್ಡಿನಲ್ಲೇ.

ಉಸ್ತಾದರ ಮನೆ ಸೇತುವೆಯಾಚೆ. ಅಲ್ಲೂ ಅವರು ಒಬ್ಬರೇ.

ಇಬ್ಬರು ಒಂಟಿಗರು ಹಗಲೆಲ್ಲ ಜೊತೆಗಿದ್ದ ಮೇಲೆ ಮಾತಿಗೇನು ಬರ ಅಂತೀರಾ? ಬರವೇ ಇತ್ತು. ಅದಕ್ಕೆ ಕಾರಣ ಒಂದು ಮುಳ್ಳು.

ಕಾರಿನ ಏಸಿಗೆ ಗ್ಯಾಸು ತುಂಬುವ ಮೊದಲು ಅದರ ಪೈಪುಗಳೊಳಗಿನ ಗಾಳಿಯನ್ನೆಲ್ಲ ಹೀರಿ ಖಾಲಿ ಮಾಡುತ್ತಾರೆ. ಆಮೇಲೆ ಪಂಪು ನಿಲ್ಲಿಸಿ ಗೇಜಿನ ಮುಳ್ಳು ನೋಡುತ್ತಾರೆ. ಮುಳ್ಳು ಕದಲದಿದ್ದರೆ ಎಲ್ಲೂ ತೂತಿಲ್ಲ. ಕದಲಿದರೆ ಹೊರಗಿನ ಗಾಳಿ ಎಲ್ಲಿಂದಲೋ ಒಳಗೆ ನುಸುಳುತ್ತಿದೆ ಎಂದರ್ಥ.

ಪೇಟೆಯ ಗ್ಯಾರೇಜುಗಳಲ್ಲಿ ಮುಳ್ಳಿನ ಕಡೆ ಒಂದು ಸಲ ಕಣ್ಣು ಹಾಯಿಸಿ ಗ್ಯಾಸು ತುಂಬಿಬಿಡುತ್ತಾರೆ. ಉಸ್ತಾದರ ಕ್ರಮ ಬೇರೆ. ಟೀ ಕುಡಿದು, ಲೋಟ ತೊಳೆದು, ತೊಳೆದ ಲೋಟ ತಾನಾಗಿ ಒಣಗುವ ತನಕ ಮುಳ್ಳಿನ ಮುಂದೆ ಕೂರಬೇಕು. ಮಾತಾಡಬಾರದು.

ತಿಪ್ಪೇಶಿ ಒಂದು ಹಳೇ ಲಾರಿ ಟೈರಿನ ಮೇಲೆ ಕೂರುತ್ತಿದ್ದ. ಉಸ್ತಾದರು ತಮ್ಮ ಎಂದಿನ ಜಾಗದಲ್ಲಿ, ಗೋಣಿಚೀಲ ಹೊದಿಸಿದ ಒಂದು ಗಿಡ್ಡ ಸಿಲಿಂಡರಿನ ಮೇಲೆ.

ಬಂದ ಹೊಸದರಲ್ಲಿ ತಿಪ್ಪೇಶಿ ಕೇಳಿದ್ದ.

"ಏನ್ ನೋಡ್ತಾ ಕೂರೋದು ಉಸ್ತಾದ್? ಒಳಗೆ ಏನೂ ಇಲ್ಲ."

"ಅದನ್ನೇ," ಅಂದರು ಉಸ್ತಾದರು.

ಹೀಗೆ ಏನೂ ಇಲ್ಲದ್ದನ್ನು ಕಾಯುತ್ತ ವರ್ಷಗಳು ಕಳೆದವು. ಕೈ ಪಳಗಿತು. ಗ್ಯಾಸು, ಎಣ್ಣೆ, ಕಂಪ್ರೆಸರ್ ಎಲ್ಲ ಅಂಗೈಗೆ ಬಂತು. ಆಗ ತಿಪ್ಪೇಶಿಯ ಅಕ್ಕನ ಗಂಡ ದಾವಣಗೆರೆಯಲ್ಲಿ ಒಂದು ಮಳಿಗೆ ನೋಡಿದ. ಬಸ್‌ಸ್ಟ್ಯಾಂಡಿನ ಹಿಂದೆ, ಜನ ಗಿಜಿಗುಡುವ ಜಾಗ.

ತಿಪ್ಪೇಶಿಗೆ ಆಸೆ ಹತ್ತಿತು. ಅಂಗಡಿಯ ಆಸೆಗಿಂತ ಹೆಚ್ಚಾಗಿ ಜನರ ಆಸೆ. ಬಂದವರು ಹೆಸರು ಹಿಡಿದು ಕರೆಯಬೇಕು, ಹೋಗುವಾಗ ಬರ್ತೀನಿ ಅನ್ನಬೇಕು, ಅಷ್ಟೇ.

ಆದರೆ ಆ ಕಸುಬಿನಲ್ಲಿ ಒಂದು ಕಟ್ಟಳೆಯುಂಟು. ಉಸ್ತಾದರು ತಾವಾಗಿ ಬಾಯಿಬಿಟ್ಟು "ಹೋಗು" ಅನ್ನಬೇಕು. ಅನ್ನಿಸಿಕೊಳ್ಳದೆ ಹೋಗಿ ಅಂಗಡಿ ಇಟ್ಟವನನ್ನು ಸುತ್ತಿನ ಮೆಕ್ಯಾನಿಕ್ಕುಗಳು ಸಾಯುವ ತನಕ "ಓಡಿಬಂದೋನು" ಅಂತಲೇ ಕರೆಯುತ್ತಾರೆ. ನಟ್ಟು ಬಿಗಿಯುವ ಒಂದು ಪಾನವನ್ನೂ ಕೈಗಡ ಕೊಡುವುದಿಲ್ಲ.

"ಭಾವ ಅಂಗಡಿ ನೋಡ್ಯಾರೆ ಉಸ್ತಾದ್. ಹೋಗಲಾ?"

"ಮುಳ್ಳು ನಿಂತ ದಿನ ಹೋಗು."

"ಎಷ್ಟೋ ಸಲ ನಿಂತೈತಲ್ಲ."

"ಕಾರಿಂದು ನಿಂತೈತೆ," ಅಂದು ಉಸ್ತಾದರು ಟೀ ಹೀರಿದರು.

ತಿಪ್ಪೇಶಿಗೆ ಅರ್ಥವಾಗಲಿಲ್ಲ. ಮುದುಕನಿಗೆ ನಾನು ಹೋದರೆ ಜೊತೆ ಇರುವುದಿಲ್ಲ, ಅದಕ್ಕೇ ಹೀಗೆ ಸುತ್ತಿಸುತ್ತಾನೆ ಎಂದುಕೊಂಡ. ಅದರಲ್ಲಿ ಸುಳ್ಳೂ ಇರಲಿಲ್ಲವೋ ಏನೋ.

ಅದೇ ಕಾಲಕ್ಕೆ ಹೊಸ ಗ್ಯಾಸಿನ ಕಾರುಗಳು ಬರತೊಡಗಿದವು. ಉಸ್ತಾದರು ಕೂಡಿಟ್ಟದ್ದನ್ನೆಲ್ಲ ಸುರಿದು ಹೊಸ ಗ್ಯಾಸಿಗೆಂದೇ, ಹೀರಿ ತೆಗೆಯಲೂ ತುಂಬಲೂ ಬರುವ ಒಂದು ಯಂತ್ರ ತಂದರು. ಹಳೇ ಗ್ಯಾಸು ಹೀರಿ ತೆಗೆಯುವ ಸಣ್ಣ ಪಂಪನ್ನು ಮೂಲೆಗಿಟ್ಟರು. ಹೊಸ ಗ್ಯಾಸು ಬೆಂಕಿ ಕಂಡರೆ ಸ್ವಲ್ಪ ಸಿಡುಕುವ ಜಾತಿ, ಹಾಗಾಗಿ ಅರ್ಧ ಆಯುಷ್ಯ ಸೇದಿದ ಬೀಡಿಯನ್ನೂ ಬಿಟ್ಟರು.

"ಹಳೇದೂ ತಣ್ಣಗೇ ಇತ್ತಲ್ಲ ಉಸ್ತಾದ್. ಇದ್ಯಾಕೆ ಹೊಸದು?"

"ತಣ್ಣಗೆ ಇಲ್ಲಿತ್ತು." ಉಸ್ತಾದರು ಕಾರಿನೊಳಗೆ ಕೈ ತೋರಿದರು. ಆಮೇಲೆ ಆಕಾಶಕ್ಕೆ. "ಅಲ್ಲಿ ಬಿಸಿ ಮಾಡ್ತಿತ್ತು. ಹಳೇದು ಮೇಲೆ ಹೋದ್ರೆ ವರ್ಷಗಟ್ಟಲೆ ಅಲ್ಲೇ ಕೂತಿರುತ್ತೆ. ಇದು ಕೆಲವೇ ದಿನಕ್ಕೆ ಕರಗಿಹೋಗುತ್ತೆ."

"ಹಂಗಾದ್ರೆ ಇದನ್ನ ಗಾಳಿಗೆ ಬಿಟ್ರೆ ಪರವಾಗಿಲ್ಲ."

"ಚಮಚ ಚಿಕ್ಕದು ಅಂತ ಪಾಯಸಕ್ಕೆ ಉಪ್ಪು ಹಾಕ್ತೀಯಾ?"

ಫ್ರಿಜ್ಜಿನ ಕಾಲದಲ್ಲಿ ತಿಪ್ಪೇಶಿ ಎಷ್ಟೋ ಗ್ಯಾಸನ್ನು ಗಾಳಿಗೆ ಬಿಟ್ಟವನು. ಪೈಪು ಚಿವುಟಿದರೆ ಉಸ್ ಅಂತ ಒಂದು ಸದ್ದು. ಬಣ್ಣವಿಲ್ಲ, ಹೊಗೆಯಿಲ್ಲ. ಹೋಯಿತು ಅಂದರೆ ಹೋಯಿತು.

ಹೊಸ ಕಾರುಗಳಲ್ಲಿ ಗ್ಯಾಸು ತುಂಬುವ ಮೂತಿಯ ಅಳತೆಯೂ ಬೇರೆ. ಹಳೇ ರಬ್ಬರ್ ಹೋಸು ಅದಕ್ಕೆ ಕೂರುವುದಿಲ್ಲ.

"ಯಾರ ಕೈಯೂ ತಪ್ಪದಿರಲಿ ಅಂತ ಬೇರೆ ಮಾಡ್ಯಾರೆ," ಎಂದು ಉಸ್ತಾದರು ಒಮ್ಮೆ ಹೇಳಿದ್ದರು.

ತಿಪ್ಪೇಶಿ ಮಾತ್ರ ಪೇಟೆಗೆ ಹೋದಾಗ ಲೇತಿನವನಿಂದ ಒಂದು ಹಿತ್ತಾಳೆ ತುಂಡು ಕೊರೆಸಿಕೊಂಡು ಬಂದ. ಒಂದು ಕಡೆ ಹಳೇ ಮೂತಿ, ಇನ್ನೊಂದು ಕಡೆ ಹೊಸದು. ಮುಂದೆ ತನ್ನ ಅಂಗಡಿಯಲ್ಲಿ ಬೇಕಾದೀತು ಎಂದು ಬಟ್ಟೆಯ ಚೀಲದ ತಳದಲ್ಲಿ ಇಟ್ಟುಕೊಂಡ. ಉಸ್ತಾದರಿಗೆ ತೋರಿಸಲಿಲ್ಲ.

ಬೇಸಿಗೆ ಬಂತು. ಹೊಳೆ ಇಳಿದು ಬಂಡೆಗಳು ಮೇಲೆದ್ದವು. ಒಂದು ದಿನ ಹೊಸ ಗ್ಯಾಸು ಮುಗಿದು, ಇನ್ನೊಂದು ಸಿಲಿಂಡರು ತರಲು ಉಸ್ತಾದರು ದಾವಣಗೆರೆಗೆ ಹೊರಟರು.

"ಸಂಜೆ ಬರ್ತೀನಿ. ಯಾರಾದ್ರೂ ಬಂದ್ರೆ ಕೂರ್ಸು."

ಮಧ್ಯಾಹ್ನ ಒಂದು ಕಾರು ಬಂತು. ನಡೆಸುತ್ತಿದ್ದವರು ಚನ್ನವೀರಯ್ಯ, ಆಚೆ ದಂಡೆಯ ಹಳ್ಳಿಯವರು. ಹಿಂದಿನ ಸೀಟಿನಲ್ಲಿ ಒದ್ದೆ ಟವೆಲು ಹೊದ್ದು ಅವರ ಹೆಂಡತಿ ಸರ್ವಮಂಗಳಮ್ಮ. ಆಕೆಗೆ ಉಸಿರಿನ ಕಾಯಿಲೆ, ಸೆಕೆ ತಡೆಯದು. ವಾರಕ್ಕೊಮ್ಮೆ ದಾವಣಗೆರೆಯ ಡಾಕ್ಟರಿಗೆ ತೋರಿಸಬೇಕು. ಏಸಿ ದಾರಿಯಲ್ಲೇ ಬಿಸಿಗಾಳಿ ಊದತೊಡಗಿತ್ತು.

"ಸ್ವಲ್ಪ ಗ್ಯಾಸ್ ಹಾಕಪ್ಪ. ಬೇಗ ಹೋಗಬೇಕು."

ತಿಪ್ಪೇಶಿ ಬಾನೆಟ್ ಎತ್ತಿ ನೋಡಿದ. ಹೊಸ ಮೂತಿ.

"ಈ ಗ್ಯಾಸು ಮುಗಿದೈತೆ ಸರ್. ಸಂಜೆ ಬರುತ್ತೆ."

"ಸಂಜೆ ತನಕ ಇವಳು ಕೂರೋದು ಹೇಗೆ?"

ಸರ್ವಮಂಗಳಮ್ಮ ಕಿಟಕಿಯಿಂದ ಮುಖ ಹೊರಗಿಟ್ಟರು. ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಂಡು ಹೇಳಿದರು.

"ಏನಾದ್ರೂ ಮಾಡು ಉಸ್ತಾದಪ್ಪ. ನಾನೇನು ಊಟಿ ಕೇಳ್ತಿಲ್ಲ. ಡಾಕ್ಟರ ತನಕ ಬೇಯದೆ ಹೋದ್ರೆ ಸಾಕು."

ಉಸ್ತಾದಪ್ಪ.

ಅವ್ವ ಹೋದ ಮೇಲೆ ಅವನನ್ನು ಯಾವ ಹೆಂಗಸೂ ಅಪ್ಪ ಅಂತ ಕರೆದಿರಲಿಲ್ಲ. ಉಸ್ತಾದ್ ಅಂತ ಯಾರೂ ಎಂದೂ ಕರೆದಿರಲಿಲ್ಲ. ಎರಡೂ ಒಟ್ಟಿಗೆ ಬಂದವು.

ತಿಪ್ಪೇಶಿ ಬಟ್ಟೆಯ ಚೀಲದಿಂದ ಹಿತ್ತಾಳೆ ತುಂಡು ತೆಗೆದ. ಹಳೇ ಗ್ಯಾಸಿನ ಹೋಸಿಗೆ ಸಿಕ್ಕಿಸಿ, ಹೊಸ ಮೂತಿಗೆ ತಿರುಗಿಸಿದ. ಕಾರಲ್ಲಿ ಉಳಿದಿದ್ದ ಹೊಸ ಗ್ಯಾಸಿನ ಮೇಲೆಯೇ ಹಳೇದನ್ನು ತುಂಬಿದ. ಖಾಲಿ ಮಾಡಿ ನೋಡಲಿಲ್ಲ, ಮುಳ್ಳಿನ ಮುಂದೆ ಕೂರಲಿಲ್ಲ. ಗ್ಯಾಸು ಯಾಕೆ ಕಡಿಮೆಯಾಯಿತು ಎಂದು ಹುಡುಕಲಿಲ್ಲ.

ತುಂಬುತ್ತಿರುವಾಗ ಮೂವರೂ ಟೀ ಕುಡಿದರು. ಸರ್ವಮಂಗಳಮ್ಮ ಅವನ ಊರು ಕೇಳಿದರು, ಅಡಿಗೆ ಯಾರು ಮಾಡುತ್ತಾರೆ ಎಂದು ಕೇಳಿದರು, ಮದುವೆ ಯಾಕಾಗಿಲ್ಲ ಎಂದು ಬೈದರು. ಏಸಿ ತಣ್ಣಗೆ ಬೀಸಿತು.

"ನಿನ್ನ ಹೊಟ್ಟೆ ತಣ್ಣಗಿರಲಿ ಉಸ್ತಾದಪ್ಪ," ಅಂದರು ಆಕೆ.

ಕಾರು ಹೋಯಿತು. ಶೆಡ್ಡು ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಸಂಜೆ ಉಸ್ತಾದರು ಬಂದರು.

"ಯಾರಾದ್ರೂ ಬಂದಿದ್ರಾ?"

"ಇಲ್ಲ ಉಸ್ತಾದ್."

ಉಸ್ತಾದರು ತೊಳೆದಿಟ್ಟ ಲೋಟಗಳನ್ನು ನೋಡಿದರು. ಮೂರಿದ್ದವು.

"ಮೂರು ಲೋಟದಾಗೆ ಕುಡಿದಿಯಾ?"

"ಬಾಯಾರಿಕೆ ಇತ್ತು."

"ಹೌದು. ಬಿಸಿಲು ಐತೆ," ಅಂದು ಉಸ್ತಾದರು ಮನೆಗೆ ಹೋದರು.

ಆಮೇಲೆ ಒಂದು ವಿಚಿತ್ರವಾಯಿತು. ಮೊದಲೂ ಮಾತಿರಲಿಲ್ಲ, ಈಗಲೂ ಇಲ್ಲ. ಆದರೆ ಮುಳ್ಳಿನ ಮುಂದೆ ಮೊದಲು ಇಬ್ಬರು ಕೂತಿರುತ್ತಿದ್ದರು. ಈಗ ಒಬ್ಬರು ಕೂತಿರುತ್ತಿದ್ದರು, ಆಚೆ ಇನ್ನೊಬ್ಬರು ಕೂತಿರುತ್ತಿದ್ದರು.

ತಿಪ್ಪೇಶಿಗೆ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹೇಳಿದರೆ "ಹೋಗು" ಅನ್ನುವ ಮಾತು ಇನ್ನೂ ದೂರ ಹೋಗುತ್ತದೆ ಅಂತಲೂ ಅನ್ನಿಸುತ್ತಿತ್ತು. ಭಾವ ಬೇರೆ ದಿನಾ ಫೋನು ಮಾಡುತ್ತಿದ್ದ, ಮಳಿಗೆಯವನು ಇನ್ನು ಕಾಯುವುದಿಲ್ಲವಂತೆ.

ಹೀಗಿರುವಾಗ ಒಂದು ಬೆಳಿಗ್ಗೆ ಅದೇ ಕಾರು ಬಂತು.

ತಿಪ್ಪೇಶಿ ಇನ್ನೊಂದು ಗಾಡಿಯ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ. ಕಾಲು ಮಾತ್ರ ಹೊರಗೆ. ಚನ್ನವೀರಯ್ಯನವರ ದನಿ ಕೇಳಿಸಿತು.

"ಆವತ್ತಿನ ಉಸ್ತಾದ್ ಎಲ್ಲಿ?"

"ಯಾವ ಉಸ್ತಾದ್ರು?" ಅಂದರು ಹಯಾತ್ ಉಸ್ತಾದರು.

"ತೆಳ್ಳಗೆ, ಉದ್ದಕ್ಕೆ. ಕೈಯಲ್ಲಿ ತಾಮ್ರದ ಕಡಗ."

"ಓ, ಅವ್ರಾ. ಮಲಗ್ಯಾರೆ. ಎಬ್ಬಿಸ್ತೀನಿ ತಾಳ್ರಿ."

ಉಸ್ತಾದರು ಬಂದು ತಿಪ್ಪೇಶಿಯ ಪಾದವನ್ನು ಮೆಲ್ಲಗೆ ತಟ್ಟಿದರು.

"ಉಸ್ತಾದ್, ಏಳ್ರಿ. ನಿಮ್ಮನ್ನ ಕೇಳ್ಕೊಂಡು ಬಂದಾರೆ."

ತಿಪ್ಪೇಶಿ ಗಾಡಿಯಡಿಯಿಂದ ಈಚೆ ಬಂದ. ಉಸ್ತಾದರು ಅವನು ದಿನಾ ಹೆಗಲಿಗೆ ಹಾಕಿಕೊಳ್ಳುವ ಎಣ್ಣೆ ಬಟ್ಟೆಯನ್ನು ತಮ್ಮ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಗೋಣಿಚೀಲದ ಮೇಲಿನ ಧೂಳು ಕೊಡವಿದರು.

"ಕೂತ್ಕೊಳ್ರಿ ಉಸ್ತಾದ್."

ತಿಪ್ಪೇಶಿ ಕೂರಲಿಲ್ಲ. ಕಾರಿನ ಹಿಂದಿನ ಸೀಟು ನೋಡಿದ. ಟವೆಲು ಮಾತ್ರ ಇತ್ತು, ಒಣಗಿ ಮಡಚಿಕೊಂಡಿತ್ತು.

"ಅಮ್ಮಾವ್ರು?"

"ಆಸ್ಪತ್ರೇಲಿ ಇದಾಳೆ," ಅಂದರು ಚನ್ನವೀರಯ್ಯ. "ಈ ವಾರ ಹೋಗುವಾಗ ಅರ್ಧ ದಾರಿಗೆ ತಂಪು ನಿಂತುಹೋಯ್ತು. ತಲುಪೋ ಹೊತ್ತಿಗೆ ಉಸಿರು ಸಿಕ್ತಿರಲಿಲ್ಲ. ಈಗ ಪರವಾಗಿಲ್ಲ. ನಾಳೆ ಕಳಿಸ್ತಾರಂತೆ. ಇದೇ ಕಾರಲ್ಲಿ ಕರ್ಕೊಂಡ್ ಬರಬೇಕು."

ಹೊಂಗೆ ಮರದಲ್ಲಿ ಒಂದು ಹಕ್ಕಿ ಕೂಗಿ ನಿಂತಿತು.

"ಏನ್ ಮಾಡೋಣ ಉಸ್ತಾದ್?" ಅಂದರು ಹಯಾತ್ ಉಸ್ತಾದರು, ಕೈ ಕಟ್ಟಿಕೊಂಡು.

ತಿಪ್ಪೇಶಿ ಕೈಯ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡ.

"ಇದ್ದ ಗ್ಯಾಸು ತೆಗೆದು, ಹೊಸದಾಗಿ ತುಂಬಬೇಕಲ್ವಾ?" ಉಸ್ತಾದರೇ ಹೇಳಿ, ಹೊಸ ಗ್ಯಾಸಿನ ಯಂತ್ರವನ್ನು ದರದರ ಎಳೆದು ತಂದರು. ಹೋಸು ಬಿಚ್ಚಿದರು. ಕಾರಿನ ಮೂತಿಯ ಹತ್ತಿರ ಹಿಡಿದರು.

"ಹಚ್ಚಲಾ ಉಸ್ತಾದ್?"

ಹಚ್ಚಿದರೆ ಆ ಬೆರಕೆ ಗ್ಯಾಸು ಯಂತ್ರದೊಳಗೆ ಹೋಗುತ್ತದೆ. ಅದರ ಹೊಟ್ಟೆಯಲ್ಲಿರುವ ಒಳ್ಳೇ ಗ್ಯಾಸೆಲ್ಲ ಕೆಡುತ್ತದೆ. ಆಮೇಲೆ ಬರುವ ಕಾರುಗಳಿಗೆಲ್ಲ ಅದೇ ಹೋಗುತ್ತದೆ. ಉಸ್ತಾದರು ಬೀಡಿ ಬಿಟ್ಟದ್ದು, ಕೂಡಿಟ್ಟದ್ದು ಸುರಿದದ್ದು, ಎಲ್ಲ ಒಂದು ಗಳಿಗೆಗೆ ಮುಗಿಯುತ್ತದೆ.

"ಹಚ್ಚಲಾ?"

ಹೋಸು ಮೂತಿಗೆ ತಗುಲುವಷ್ಟು ಹತ್ತಿರ ಬಂತು. ತಿಪ್ಪೇಶಿ ಉಸ್ತಾದರ ಮಣಿಕಟ್ಟು ಹಿಡಿದುಕೊಂಡ.

"ಬೇಡ ಉಸ್ತಾದ್."

"ಕೆಲಸದವನಿಗೆ ಉಸ್ತಾದ್ ಅನ್ನಬಾರದು. ಯಾಕೆ ಬೇಡ ಹೇಳ್ರಿ."

ತಿಪ್ಪೇಶಿ ಹೇಳಿದ. ಉಸ್ತಾದರಿಗಲ್ಲ, ಚನ್ನವೀರಯ್ಯನವರ ಕಡೆ ತಿರುಗಿ ಹೇಳಿದ. ಹಾಕಬಾರದ ಗ್ಯಾಸು ಹಾಕಿದ್ದು, ಸೋರುವ ಜಾಗ ಹುಡುಕದೆ ಬಿಟ್ಟದ್ದು, ಅದಕ್ಕೇ ದಾರಿಯಲ್ಲಿ ತಂಪು ನಿಂತದ್ದು. ಹೇಳಿ ಮುಗಿಸಿ, ಹಿತ್ತಾಳೆ ತುಂಡು ತಂದು ಬಾನೆಟ್ಟಿನ ಮೇಲಿಟ್ಟ.

ಉಸ್ತಾದರು ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಕೆಲಸ ಚೆನ್ನಾಗೈತೆ. ಲೇತಿನವನು ಕಲಿತವನು."

ಚನ್ನವೀರಯ್ಯ ಬಹಳ ಹೊತ್ತು ಹೊಳೆಯ ಕಡೆ ನೋಡುತ್ತ ನಿಂತರು. ಬೈಯುತ್ತಾರೆ ಎಂದು ತಿಪ್ಪೇಶಿ ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಆಯ್ತು," ಅಂದರು ಕೊನೆಗೆ. "ಅದನ್ನ ಗಾಳಿಗೆ ಬಿಟ್ಟು ಬೇರೆ ತುಂಬಿಬಿಡು. ಇಲ್ಲಿ ನೋಡೋರು ಯಾರಿದ್ದಾರೆ? ಹೊಳೆ ಒಂದೇ."

ನಿಜವೇ. ಒಂದು ತಿರುಪು ತಿರುಗಿಸಿದರೆ ಸಾಕು. ಉಸ್ ಅಂತ ಒಂದು ಸದ್ದು. ಬಣ್ಣವಿಲ್ಲ, ಹೊಗೆಯಿಲ್ಲ. ಅದರ ಜೊತೆಗೇ ಆವತ್ತಿನ ಮಧ್ಯಾಹ್ನವೂ ಹೋಗಿಬಿಡುತ್ತದೆ.

ತಿಪ್ಪೇಶಿ ಉಸ್ತಾದರ ಮುಖ ನೋಡಿದ.

"ನನ್ನ ಮುಖ ಯಾಕೆ ನೋಡ್ತೀರಿ? ಉಸ್ತಾದ್ರು ನೀವು."

ತಿಪ್ಪೇಶಿ ಆಕಾಶ ನೋಡಿದ. ಬೋಳಾಗಿತ್ತು. ಒಂದು ಮೋಡದ ತುಣುಕೂ ಇರಲಿಲ್ಲ. ಅಲ್ಲಿ ಹೋಗಿ ವರ್ಷಗಟ್ಟಲೆ ಒಬ್ಬನೇ ಕೂತಿರುವುದು ಹೇಗಿರುತ್ತದೆ ಎಂದು, ಯಾಕೋ ಏನೋ, ಒಂದು ಯೋಚನೆ ಬಂತು.

"ಖಾಲಿ ಸಿಲಿಂಡರ್ ಐತಾ?" ಅಂದ.

"ಐತೆ ಉಸ್ತಾದ್."

"ಸಣ್ಣ ಪಂಪು ತನ್ರಿ."

ಉಸ್ತಾದರು ತಂದರು. ಸಣ್ಣ ಪಂಪಿನದು ಹಳೇ ಹೋಸು. ಅದು ಹೊಸ ಮೂತಿಗೆ ಕೂರುವುದಿಲ್ಲ. ತಿಪ್ಪೇಶಿ ತಡವರಿಸಿದ. ಉಸ್ತಾದರು ಹಿತ್ತಾಳೆ ತುಂಡನ್ನು ಅವನ ಅಂಗೈಯಲ್ಲಿಟ್ಟರು.

ಹಾಕಿದ್ದು ಹೋದ ದಾರಿಯಲ್ಲೇ ಹೊರಗೆ ಬರತೊಡಗಿತು.

ಬಿಸಿಲೇರಿತು. ಸಿಲಿಂಡರು ಕಾದರೆ ಗ್ಯಾಸು ಒಳಗೆ ಹೋಗಲು ತಕರಾರು ಮಾಡುತ್ತದೆ, ಅದನ್ನು ತಣ್ಣಗಿಡಬೇಕು. ತಿಪ್ಪೇಶಿ ಅದರ ಮೇಲೆ ಒಂದು ಗೋಣಿಚೀಲ ಸುತ್ತಿದ.

"ನೀರು ಬೇಕು," ಅಂದ, ತಾನೇ ಹೋಗುವ ಅಂದಾಜಿನಲ್ಲಿ.

ಅಷ್ಟರಲ್ಲಿ ಉಸ್ತಾದರು ಬಕೆಟ್ಟು ಹಿಡಿದು ಹೊಳೆಗೆ ಇಳಿಯುತ್ತಿದ್ದರು. ಎಪ್ಪತ್ತು ದಾಟಿದ ಕಾಲು. ಹೊಳೆ ದೂರಕ್ಕೆ ಸರಿದಿತ್ತು, ಬಂಡೆ ಕಾದಿತ್ತು. ಒಂದು ಬಕೆಟ್ಟು ತಂದು ಸುರಿದರು. ಗೋಣಿ ಹಬೆಯಾಡಿತು. ಮತ್ತೆ ಇಳಿದರು.

"ನಾನು ತರ್ತೀನಿ ಉಸ್ತಾದ್, ಕೊಡ್ರಿ."

"ಉಸ್ತಾದ್ರು ಪಂಪು ಬಿಟ್ಟು ಬಂದ್ರೆ ಕೆಲಸ ಯಾರು ನೋಡ್ತಾರೆ?"

ತಿಪ್ಪೇಶಿ ಪಂಪಿನ ಹತ್ತಿರವೇ ಕೂತ. ಮುದುಕ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತ. ಆ ಹೊತ್ತು ಅವನಿಗೆ ಯಾರಾದರೂ ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಗ್ಯಾಸೆಲ್ಲ ಸಿಲಿಂಡರಿಗೆ ಬಂದಾಗ ಮಧ್ಯಾಹ್ನ ತಿರುಗಿತ್ತು. ಆಮೇಲೆ ಪೈಪು ಖಾಲಿ ಮಾಡಿದರು. ಪಂಪು ನಿಲ್ಲಿಸಿ ಮುಳ್ಳಿನ ಮುಂದೆ ಕೂತರು. ಮುಳ್ಳು ಕೂದಲೆಳೆಯಷ್ಟು ಕದಲಿತು. ನಿಂತಿತು. ಮತ್ತೆ ಕದಲಿತು.

ತಿಪ್ಪೇಶಿ ಒಳಗೆ ನೈಟ್ರೋಜನ್ ತುಂಬಿ, ಸೋಪಿನ ನೊರೆ ಹಚ್ಚುತ್ತ ಪೈಪಿನ ಉದ್ದಕ್ಕೂ ಹುಡುಕಿದ. ಮುಂದಿನ ಜಾಲರಿಯ ಕೆಳಗೆ ಒಂದು ಜೋಡಣೆಯಲ್ಲಿ ನೊರೆ ಗುಳ್ಳೆಗಟ್ಟಿತು. ಬಿಚ್ಚಿದರೆ ಬೆರಳಿನ ಉಂಗುರಕ್ಕಿಂತ ಚಿಕ್ಕದೊಂದು ರಬ್ಬರ್ ಉಂಗುರ ಸೀಳಿತ್ತು. ಬೇರೆ ಹಾಕಿದ. ಮತ್ತೆ ಖಾಲಿ ಮಾಡಿದ. ಮತ್ತೆ ಕೂತರು.

ಈ ಸಲ ಚನ್ನವೀರಯ್ಯನವರೂ ಬಂದು ಕೂತರು. ಟೈರಿನ ಮೇಲೆ ಅವರು, ಎಂದಿನ ಜಾಗದಲ್ಲಿ ಉಸ್ತಾದರು, ನೆಲದ ಮೇಲೆ ತಿಪ್ಪೇಶಿ. ಟೀ ಕುಡಿದರು. ಲೋಟ ತೊಳೆದರು. ಲೋಟ ಒಣಗಿತು. ಬಿಸಿಲು ಸೇತುವೆಯ ಕಂಬಗಳನ್ನು ದಾಟಿ ನೀರಿಗಿಳಿಯಿತು. ಮುಳ್ಳು ಕದಲಲಿಲ್ಲ.

ಅಲ್ಲಿ ಮಾತಾಡಬಾರದು ಅನ್ನುವುದು ಚನ್ನವೀರಯ್ಯನವರಿಗೆ ಗೊತ್ತಿರಲಿಲ್ಲ.

"ಅವಳು ಆವತ್ತು ದಾರಿಯುದ್ದಕ್ಕೂ ನಿನ್ನನ್ನೇ ಹೊಗಳಿದಳು," ಅಂದರು. "ಆ ಹುಡುಗ ಒಬ್ಬನೇ ಇರ್ತಾನೆ, ಬರೋ ಸಲ ಅವನಿಗೆ ರೊಟ್ಟಿ ಕಟ್ಕೊಂಡು ಬರೋಣ ಅಂದ್ಲು."

ತಿಪ್ಪೇಶಿ ಮುಳ್ಳನ್ನೇ ನೋಡುತ್ತಿದ್ದ.

"ಅವಳಿಗೆ ಇದನ್ನೆಲ್ಲ ಹೇಳಬೇಡ. ಅವಳಿಗೆ ಉಸ್ತಾದ್ ಅಂದ್ರೆ ನೀನೇ."

ಕಾರನ್ನು ಹಾಗೇ ಬಿಟ್ಟು ಚನ್ನವೀರಯ್ಯ ಆಸ್ಪತ್ರೆಗೆ ಬಸ್ಸು ಹತ್ತಿದರು. ಬೆಳಗಾದಾಗ ಮುಳ್ಳು ಸಂಜೆ ಇದ್ದಲ್ಲೇ ಇತ್ತು. ಆಗ ತಿಪ್ಪೇಶಿ ಹೊಸ ಗ್ಯಾಸಿನ ಯಂತ್ರ ಹಚ್ಚಿದ. ಅಳತೆ ನೋಡಿ ತುಂಬಿದ. ಚನ್ನವೀರಯ್ಯ ಬಂದು ಕಾರು ತೆಗೆದುಕೊಂಡು ಹೋದರು.

ಸಂಜೆಗೆ ಕಾರು ವಾಪಸ್ಸು ಬಂತು. ಹಿಂದಿನ ಸೀಟಿನ ಕಿಟಕಿ ಇಳಿಯಿತು. ಸರ್ವಮಂಗಳಮ್ಮ ಸೊರಗಿದ್ದರು, ಬಾಯಿ ಮಾತ್ರ ಸೊರಗಿರಲಿಲ್ಲ.

"ನೋಡು, ಒಳಗೆ ಹೆಂಗೆ ಕೂತೀನಿ. ಹೊರಗೆ ಇಳಿಯೋಕೇ ಮನಸ್ಸಿಲ್ಲ. ಈ ಸಲ ರೊಟ್ಟಿ ತರೋಕಾಗಲಿಲ್ಲ ಉಸ್ತಾದಪ್ಪ. ಆಸ್ಪತ್ರೆ ಬನ್ನು ತಂದೀನಿ, ತಗೋ."

ತಿಪ್ಪೇಶಿ ಬನ್ನು ತೆಗೆದುಕೊಂಡ. ಚನ್ನವೀರಯ್ಯ ಕನ್ನಡಿಯಲ್ಲಿ ಅವನನ್ನು ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದರು.

"ನಾನು ಉಸ್ತಾದ್ ಅಲ್ಲಮ್ಮ," ಅಂದ ತಿಪ್ಪೇಶಿ. "ಆವತ್ತು ನಾನು ಹಾಕಿದ ಗ್ಯಾಸು ತಪ್ಪು. ನಿಮಗೆ ಉಸಿರು ಕಟ್ಟಿದ್ದು ನನ್ನಿಂದ. ಉಸ್ತಾದರು ಒಳಗಿದಾರೆ."

ಶೆಡ್ಡಿನೊಳಗಿಂದ ಬಕೆಟ್ಟು ಹಿಡಿದುಕೊಂಡೇ ಹಯಾತ್ ಉಸ್ತಾದರು ಇಣುಕಿದರು.

"ನಾನಲ್ಲಮ್ಮ. ನಾನು ನೀರು ತರೋನು."

ಸರ್ವಮಂಗಳಮ್ಮ ಅವರನ್ನೂ ನೋಡಿದರು, ಇವನನ್ನೂ ನೋಡಿದರು. ನಗಲು ಹೋದರು, ಉಸಿರು ಸಾಲಲಿಲ್ಲ. ಕೈ ಚಾಚಿ ತಿಪ್ಪೇಶಿಯ ತಲೆ ಮುಟ್ಟಿದರು. ಕಿಟಕಿ ಏರಿತು.

ಕಾರು ಹಳೇ ಸೇತುವೆ ಹತ್ತಿ ಆಚೆ ದಂಡೆಯಲ್ಲಿ ಸಣ್ಣದಾಗುತ್ತ ಹೋಯಿತು. ಅದು ಕಾಣದಾದ ಮೇಲೂ ತಿಪ್ಪೇಶಿ ಅಲ್ಲೇ ನಿಂತಿದ್ದ. ಬನ್ನನ್ನು ಮುರಿದು ಅರ್ಧ ಉಸ್ತಾದರಿಗೆ ಕೊಟ್ಟ.

"ಆಯಮ್ಮಗೆ ಆವತ್ತು ತಂಪು ಬೇಕಿತ್ತು," ಅಂದರು ಉಸ್ತಾದರು, ಅಗಿಯುತ್ತ. "ನಿನಗೇನು ಬೇಕಿತ್ತು?"

"ಯಾರಾದ್ರೂ ಕರೀಬೇಕಿತ್ತು ಉಸ್ತಾದ್."

ಉಸ್ತಾದರು ತಲೆಯಾಡಿಸಿದರು. ಆ ಮಾತನ್ನು ಅವರು ಮೊದಲೇ ಬಲ್ಲವರ ಹಾಗೆ ತಲೆಯಾಡಿಸಿದರು.

ಶೆಡ್ಡಿನ ನಡುವೆ ಆ ಬೆರಕೆ ಗ್ಯಾಸಿನ ಸಿಲಿಂಡರು ಒದ್ದೆ ಗೋಣಿಯೊಳಗೆ ನಿಂತಿತ್ತು. ಇನ್ನು ಅದನ್ನು ಯಾವ ಕಾರಿಗೂ ತುಂಬುವಂತಿಲ್ಲ. ಗಾಳಿಗೆ ಬಿಡುವಂತಿಲ್ಲ.

"ಇದನ್ನ ಏನ್ ಮಾಡೋದು ಉಸ್ತಾದ್?"

"ಇಂಥಾ ಗ್ಯಾಸು ಸುಡೋ ಕಾರ್ಖಾನೆ ದೂರ ಐತೆ. ಒಂದೊಂದು ಸಿಲಿಂಡರಿಗೆಲ್ಲ ಅವ್ರು ಬರಲ್ಲ."

"ಬರೋ ತನಕ?"

ಉಸ್ತಾದರು ಎದ್ದರು. ತಾವು ದಿನಾ ಕೂರುವ ಸಿಲಿಂಡರಿನ ಮೇಲಿಂದ ಗೋಣಿಚೀಲ ತೆಗೆದು ಪಕ್ಕಕ್ಕಿಟ್ಟರು. ಪಾನ ತೆಗೆದು ಅದಕ್ಕೆ ಒಂದು ಸಲ ತಟ್ಟಿದರು.

ಟಣ್ ಅನ್ನಲಿಲ್ಲ. ಖಾಲಿಯಿದ್ದರೆ ಟಣ್ ಅನ್ನಬೇಕಿತ್ತು. ಒಳಗೆ ಗ್ಯಾಸಿತ್ತು, ಯಾವ ಕಾರಿಗೂ ತುಂಬದೆ ಇಟ್ಟುಕೊಂಡದ್ದು.

ಅದರ ಬಣ್ಣ ಯಾವ ಕಾಲದಲ್ಲೋ ಹೋಗಿತ್ತು. ಕೂತು ಕೂತು ಮೇಲ್ಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ತಿಪ್ಪೇಶಿ ಅದನ್ನು ನೋಡಿದ. ಆಮೇಲೆ ತನ್ನದನ್ನು ನೋಡಿದ. ಆಮೇಲೆ ಉಸ್ತಾದರನ್ನು.

ಉಸ್ತಾದರು ಗೋಣಿಚೀಲವನ್ನು ಮತ್ತೆ ಹೊದಿಸಿ, ಅದರ ಮೇಲೆ ಕೂತು, ಕಾಲು ಚಾಚಿದರು. ಹೊಳೆಯ ಕಡೆಯಿಂದ ಸಣ್ಣಗೆ ಗಾಳಿ ಬಂತು. ತಿಪ್ಪೇಶಿ ಟೈರಿನ ಮೇಲೆ ಕೂತ. ಮುಂದೆ ಕಾರಿರಲಿಲ್ಲ, ಮುಳ್ಳಿರಲಿಲ್ಲ.

ಕತ್ತಲಾಗುವ ಮುಂಚೆ ಉಸ್ತಾದರು ಹೇಳಿದರು.

"ಅಂಗಡಿಗೆ ಕುರ್ಚಿ ತಗೋಬೇಡ ತಿಪ್ಪೇಶಿ. ಹೋಗುವಾಗ ನಿನ್ನ ಸಿಲಿಂಡರು ತಗೊಂಡು ಹೋಗು. ಮೇಲೊಂದು ಗೋಣಿಚೀಲ ಹಾಕ್ಕೋ, ಕೂರೋಕೆ ತಣ್ಣಗಿರುತ್ತೆ."